ಯಾವ ಮನೆಯ ಕಪ್ಪು?

ಅಡುಗೆಯ ಅಳತೆಯಲ್ಲಿ ಎಂಎಲ್ (ಮಿಲಿಲೀಟರ್) ಅನ್ನು ಕಪ್ಪಿಗೆ ಇಳಿಸುವ ಲೆಕ್ಕ ಸುಲಭ. 240ರಿಂದ ಭಾಗಿಸಿದರೆ ಮುಗೀತು. ಆದರೆ ಯಾರ ಕಪ್ಪು ಅಂತ ಮೊದಲು ಕೇಳಬೇಕು. ಅಮೆರಿಕದವರ ಕಪ್ಪು ಸುಮಾರು 237 ಎಂಎಲ್, ಅವರದೇ ಆಹಾರ ಪೊಟ್ಟಣಗಳ ಲೆಕ್ಕಕ್ಕೆ 240. ಆಸ್ಟ್ರೇಲಿಯಾದ್ದು 250, ಜಪಾನಿನದು 200. ರೈಸ್ ಕುಕ್ಕರ್ ಜೊತೆ ಬರುತ್ತಲ್ಲ ಪುಟ್ಟ ಪ್ಲಾಸ್ಟಿಕ್ ಕಪ್ಪು, ಅದು ಸಾಮಾನ್ಯವಾಗಿ 180 ಎಂಎಲ್. ಅಂದರೆ ಮುಕ್ಕಾಲೇ ಕಪ್ಪು! ಪಾತ್ರೆಯೊಳಗಿನ ಗೆರೆಗಳೂ ಆ ಕಪ್ಪಿನ ಲೆಕ್ಕದವೇ. ಅನ್ನಕ್ಕೆ ಅದು ಸರಿ. ಕೇಕಿಗೂ ಅದನ್ನೇ ಹಿಡಿದರೆ ಕೇಕು ಕೈಕೊಡುತ್ತದೆ.

ಮುಂಬಯಿಯಲ್ಲಿ ಕಪ್ಪಿಗಿಂತ ವಾಟಿಯ, ಅಂದರೆ ಬಟ್ಟಲಿನ, ದರ್ಬಾರು ಜಾಸ್ತಿ. ಡೊಂಬಿವಲಿಯ ನಮ್ಮ ಪಕ್ಕದ ಮನೆಯ ಕಾಕೂ ಉಪ್ಪಿಟ್ಟಿಗೆ ‘ಏಕ್ ವಾಟಿ ರವಾ, ಅಡೀಚ್ ವಾಟಿ ಪಾಣಿ’ ಅಂದರೆ ಅವರ ವಾಟಿ ಎಷ್ಟು ದೊಡ್ಡದು ಅಂತ ನಾನು ಕೇಳುವುದಿಲ್ಲ. ನನ್ನ ಬಟ್ಟಲಲ್ಲಿ ಒಂದಕ್ಕೆ ಎರಡೂವರೆ ಹಾಕಿದರೂ ಉಪ್ಪಿಟ್ಟು ಉಪ್ಪಿಟ್ಟೇ. ಸತ್ಯನಾರಾಯಣ ಪೂಜೆಯ ಸಪಾದ ಭಕ್ಷ್ಯವನ್ನೇ ನೋಡಿ. ರವೆ, ಸಕ್ಕರೆ, ತುಪ್ಪ, ಹಾಲು ಎಲ್ಲ ಒಂದೂಕಾಲು. ಮರಾಠಿಯವರಲ್ಲೂ ಅದೇ ‘ಸವ್ವಾ’. ಒಂದೂಕಾಲು ಏನು? ಪಾವೋ, ಸೇರೋ, ಕಿಲೋನೋ, ಬರುವ ಜನ ನೋಡಿಕೊಂಡು. ಯಾವ ಭಟ್ಟರೂ ಎಂಎಲ್ ಹೇಳಿದ್ದಿಲ್ಲ. ಮೈಸೂರು ಪಾಕಿಗೂ ಕಡಲೆಹಿಟ್ಟು ಒಂದು, ಸಕ್ಕರೆ ಎರಡು, ತುಪ್ಪ ಎರಡು ಅಂತ ಲೆಕ್ಕ. ಬಟ್ಟಲು ಚಿಕ್ಕದಾದರೆ ನೆಂಟರಿಗೆ ಕೊಡುವ ಡಬ್ಬ ಚಿಕ್ಕದಾಗುತ್ತದೆ, ಅಷ್ಟೇ.

ತಕರಾರು ಶುರುವಾಗುವುದು ಅಡುಗೆಮನೆಗೆ ಪೊಟ್ಟಣ ಬಂದಾಗ. ಹಾಲಿನ ಪ್ಯಾಕೆಟ್ಟು ಅರ್ಧ ಲೀಟರ್. ತೆಂಗಿನಹಾಲಿನ ಡಬ್ಬಿ 200 ಎಂಎಲ್. ಇವೆಲ್ಲ ನಮ್ಮ ಬಟ್ಟಲಿನ ಮಾತು ಕೇಳುವುದಿಲ್ಲ. ಮೊಟ್ಟೆಯಂತೂ ಇನ್ನೂ ಹಟಮಾರಿ. ಎರಡು ಮೊಟ್ಟೆ, ಒಂದು ಕಪ್ಪು ಮೈದಾ ಅಂತ ಬರೆದಿದ್ದರೆ, ಬರೆದವರ ಕಪ್ಪು ಎಷ್ಟು ಅಂತ ಹುಡುಕಲೇಬೇಕು.

ಹುಡುಕಿದರೂ ಮೈದಾ ಸುಮ್ನೆ ಬಿಡುತ್ತಾ? ಡಬ್ಬದೊಳಗೆ ಕಪ್ಪು ಅದ್ದಿ ತೆಗೆದರೆ ಹಿಟ್ಟು ಒತ್ತಿಕೊಂಡು ಕೂರುತ್ತದೆ. ಚಮಚದಿಂದ ಹಗುರಾಗಿ ತುಂಬಿ, ಚಾಕುವಿನ ಬೆನ್ನಿಂದ ಸವರಿದರೆ 240ರ ಕಪ್ಪಿಗೆ ಸುಮಾರು 125 ಗ್ರಾಂ. ಅದೇ ಕಪ್ಪಿನಲ್ಲಿ ಸಕ್ಕರೆ 200 ಗ್ರಾಂ ಹಿಡಿಯುತ್ತದೆ. ಹಾಗಾಗಿ ಗ್ರಾಂ ಕೊಟ್ಟಿರುವ ಕಡೆ ಅದನ್ನು ಕಪ್ಪಿಗೆ ಇಳಿಸುವ ಉಸಾಬರಿಗೇ ನಾನು ಹೋಗುವುದಿಲ್ಲ. ಪುಟ್ಟ ತಕ್ಕಡಿ ತೆಗೆಯುತ್ತೇನೆ. ನೀರು, ಹಾಲಿಗೂ ಅದರಿಂದಲೇ ಒಂದು ಉಪಾಯ ಉಂಟು. ಗಾಜಿನ ಲೋಟವನ್ನು ತಕ್ಕಡಿ ಮೇಲಿಟ್ಟು, ಸೊನ್ನೆ ಮಾಡಿ, 240 ಗ್ರಾಂ ನೀರು ಸುರಿಯಿರಿ. ಅದು 240 ಎಂಎಲ್. ಆ ಮಟ್ಟಕ್ಕೆ ಹೊರಗಡೆ ಉಗುರುಬಣ್ಣದಲ್ಲಿ ಒಂದು ಗೆರೆ ಎಳೆದಿಡಿ. ಆಗಾಗ ಮತ್ತೆ ಎಳೆಯಬೇಕಾಗುತ್ತದೆ. ನಮ್ಮ ಮನೆಗೆ ಪಾತ್ರೆ ತೊಳೆಯಲು ಬರುವ ಕೆಲಸದಾಕೆ, ಇಲ್ಲಿಯವರ ಮಾತಿನಲ್ಲಿ ‘ಬಾಯಿ’, ಬಲು ಅಚ್ಚುಕಟ್ಟು, ಗೆರೆಯನ್ನು ಕಲೆ ಅಂತಲೇ ತಿಳಿದು ಉಜ್ಜಿಬಿಡುತ್ತಾರೆ.