ಸ್ಪಷ್ಟನೆ: ಜೀನ್ ಟೆಸ್ಟ್ ಪಾಸಿಟಿವ್ ಅಂದರೆ ಸೀಲಿಯಾಕ್ ಕಾಯಿಲೆ ಅಂತಲ್ಲ

ತುಮಕೂರಿನ ನಮ್ಮ ಬಡಾವಣೆ ಗುಂಪಿಗೆ ಭಾನುವಾರ ನಾನೇ ಹಾಕಿದ್ದ ಮೆಸೇಜ್ ಊರೆಲ್ಲ ಸುತ್ತಿ ನನಗೇ ವಾಪಸ್ ಬಂದಿದೆ. "ಸೀಲಿಯಾಕ್ ಜೀನ್ ಟೆಸ್ಟ್ ಪಾಸಿಟಿವ್ ಬಂದರೆ ಕಾಯಿಲೆ ಖಚಿತ, ಇವತ್ತೇ ಚಪಾತಿ ಬಿಡಿ" ಅಂತ. ಅದು ತಪ್ಪು. (ಸೀಲಿಯಾಕ್ ಅಂದರೆ ಗೋಧಿಯಂಥ ಧಾನ್ಯದಲ್ಲಿರುವ ಗ್ಲುಟನ್ ಎಂಬ ಪ್ರೋಟೀನ್ ತಿಂದಾಗ ಸಣ್ಣ ಕರುಳಿಗೆ ಹಾನಿಯಾಗುವ ಕಾಯಿಲೆ.)

ಆ ಟೆಸ್ಟ್ ಹುಡುಕುವುದು ಎಚ್‌ಎಲ್‌ಎ ಡಿಕ್ಯೂ2, ಡಿಕ್ಯೂ8 ಎಂಬ ಜೀನ್ ಬಗೆಗಳನ್ನು. ಇವು ಆರೋಗ್ಯವಾಗಿರುವ ಎಷ್ಟೋ ಜನರಲ್ಲೂ ಇರುತ್ತವೆ. ಇದ್ದವರಲ್ಲಿ ಕಾಯಿಲೆ ಬರುವುದು ನೂರಕ್ಕೆ ಸುಮಾರು 3 ಜನರಿಗೆ ಅಷ್ಟೇ. ಟೆಸ್ಟ್‌ನ ನಿಜವಾದ ಉಪಯೋಗ ಉಲ್ಟಾ: ಎರಡೂ ಇಲ್ಲದಿದ್ದರೆ ಸೀಲಿಯಾಕ್ ಇರುವ ಸಾಧ್ಯತೆ ತೀರಾ ಕಡಿಮೆ.

ಚಪಾತಿ ಬಿಡಿ ಅಂದಿದ್ದು ಇನ್ನೂ ದೊಡ್ಡ ಎಡವಟ್ಟು. ಕಾಯಿಲೆ ಪತ್ತೆಗೆ ಟಿಟಿಜಿ ಎಂಬ ರಕ್ತಪರೀಕ್ಷೆ, ಬೇಕಾದರೆ ಸಣ್ಣ ಕರುಳಿನ ಚೂರು ತೆಗೆದು ನೋಡುವ ಬಯಾಪ್ಸಿ ಮಾಡುತ್ತಾರೆ. ಅದಕ್ಕೂ ಮೊದಲೇ ಗೋಧಿ ನಿಲ್ಲಿಸಿದರೆ, ಕಾಯಿಲೆ ಇದ್ದರೂ ರಿಪೋರ್ಟ್ ನಾರ್ಮಲ್ ಬರಬಹುದು.

ಮಧ್ಯೆ ಯಾರೋ "ರಾಗಿಯಲ್ಲೂ ಗ್ಲುಟನ್ ಇದೆ" ಅಂತ ಒಂದು ಸಾಲು ಸೇರಿಸಿದ್ದಾರೆ. ಇಲ್ಲ ಸ್ವಾಮಿ. ಮುದ್ದೆ ಉಣ್ಣುವ ಊರಲ್ಲಿ ಇದನ್ನೂ ಹೇಳಬೇಕಾಯ್ತಲ್ಲ! ಆದರೆ ಸೀಲಿಯಾಕ್ ಇರುವವರು ಒಂದು ನೋಡಿಕೊಳ್ಳಿ: ಮಿಲ್‌ನಲ್ಲಿ ಗೋಧಿ ಬೀಸಿದ ಕಲ್ಲಿಗೇ ರಾಗಿ ಸುರಿದರೆ ಗೋಧಿ ಹಿಟ್ಟು ಬೆರೆತೇ ಬರುತ್ತದೆ.

ಆ ಮೆಸೇಜ್ ದಯವಿಟ್ಟು ಮುಂದಕ್ಕೆ ಕಳಿಸಬೇಡಿ. ಈಗಾಗಲೇ ಕಳಿಸಿದ್ದರೆ, ಇದನ್ನೂ ಅದೇ ಗುಂಪಿಗೆ ಹಾಕಿಬಿಡಿ.