ಮೂತ್ರದ ಸೋಂಕಿನ ಮಾತ್ರೆ, ಹಿಮ್ಮಡಿಯ ನೋವು

ಲೂಸ್ ಮೋಷನ್ ಆದರೆ ನಾವು ಡಾಕ್ಟರ ಹತ್ತಿರ ಹೋಗೋದು ಕಡಿಮೆ. ಸೀದಾ ಮೆಡಿಕಲ್ ಶಾಪ್. ಅವರು ಆಫ್ಲಾಕ್ಸಾಸಿನ್-ಆರ್ನಿಡಜೋಲ್ ಸ್ಟ್ರಿಪ್ಪಿಗೆ ಕತ್ತರಿ ಹಾಕಿ ನಾಲ್ಕು ಮಾತ್ರೆ ಕೊಡುತ್ತಾರೆ. ಹೆಸರು, ಎಚ್ಚರಿಕೆ ಇರುವ ತುಂಡು ಎಷ್ಟೋ ಸಲ ಅಂಗಡಿಯಲ್ಲೇ ಉಳಿಯುತ್ತದೆ.

ಆಫ್ಲಾಕ್ಸಾಸಿನ್, ಸಿಪ್ರೊಫ್ಲಾಕ್ಸಾಸಿನ್, ಲೆವೊಫ್ಲಾಕ್ಸಾಸಿನ್ ಎಲ್ಲ ಒಂದೇ ಮನೆತನದ ಆಂಟಿಬಯೋಟಿಕ್‌ಗಳು: ಫ್ಲೂರೊಕ್ವಿನೊಲೋನ್. ಕೆಲವರಲ್ಲಿ ಇವು ಸ್ನಾಯುವನ್ನು ಮೂಳೆಗೆ ಕಟ್ಟಿಡುವ ಟೆಂಡನ್‌ಗೆ ಪೆಟ್ಟು ಕೊಡುತ್ತವೆ. ಹೆಚ್ಚಾಗಿ ಪೆಟ್ಟು ಬೀಳೋದು ಹಿಮ್ಮಡಿಯ ಹಿಂದಿನ ಅಕಿಲಿಸ್ ಟೆಂಡನ್‌ಗೆ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2008ರಲ್ಲೇ ಇದಕ್ಕೆ ತನ್ನ ಅತಿ ಗಂಭೀರ ಎಚ್ಚರಿಕೆಯಾದ ಕಪ್ಪು ಚೌಕಟ್ಟು ಹಾಕಿಸಿತು.

ನಮ್ಮ ಸೋದರಮಾವನಿಗೆ ವಯಸ್ಸು 60 ದಾಟಿದೆ. ಉಬ್ಬಸಕ್ಕೆ ಸ್ಟೆರಾಯ್ಡ್ ಮಾತ್ರೆ ನುಂಗುತ್ತಿದ್ದರು. ಉರಿಮೂತ್ರಕ್ಕೆ ಸಿಪ್ರೊ ಸೇರಿಕೊಂಡಿತು. ಕೆಲವೇ ದಿನದಲ್ಲಿ ಹಿಮ್ಮಡಿ ಹಿಡಿಯಿತು. "ವಾಯು ಇರಬೇಕು ಮಾವ, ಬಿಸಿ ಎಣ್ಣೆ ಹಚ್ಚಿ ತಿಕ್ಕಿ" ಅಂದರು ಮನೆಯವರೆಲ್ಲ. ಒಂದು ಬೆಳಿಗ್ಗೆ ಜಗಲಿ ಇಳಿಯುವಾಗ ಟಪ್ ಅಂತ ಸದ್ದು. ಯಾರೋ ಹಿಂದಿನಿಂದ ಕಲ್ಲು ಹೊಡೆದರು ಅಂದುಕೊಂಡು ತಿರುಗಿ ನೋಡಿದರಂತೆ! ಹರಿದದ್ದು ಅಕಿಲಿಸ್ ಟೆಂಡನ್. ಮೂಳೆ ಡಾಕ್ಟರು ಮೊದಲು ಕೇಳಿದ್ದು, "ಈಚೆಗೆ ಯಾವ ಮಾತ್ರೆ ತಗೊಂಡ್ರಿ?"

ವಯಸ್ಸು, ಸ್ಟೆರಾಯ್ಡ್, ಈ ಮಾತ್ರೆ. ಮೂರೂ ಸೇರಿದರೆ ಅಪಾಯ ಜಾಸ್ತಿ. ಕಿಡ್ನಿ ತೊಂದರೆ ಇದ್ದರೂ ಅಷ್ಟೇ. ಎರಡೇ ದಿನದಲ್ಲಿ ನೋವು ಶುರುವಾಗಬಹುದು, ಮಾತ್ರೆ ನಿಲ್ಲಿಸಿ ತಿಂಗಳುಗಳಾದ ಮೇಲೂ ಬರಬಹುದು. ಹಾಗಾಗಿಯೇ ಯಾರಿಗೂ ಅನುಮಾನ ಬರೋದಿಲ್ಲ. ಬೈಗುಳ ತಿನ್ನೋದು ಪಾಪ ಚಪ್ಪಲಿ.

ಈ ಔಷಧಿಗಳನ್ನೇ ನಿಲ್ಲಿಸಿ ಅಂತ ನಾನು ಹೇಳ್ತಿಲ್ಲ. ಮಾಮೂಲಿ ಔಷಧಿಗೆ ಬಗ್ಗದ ಟಿಬಿಗೆ ಎಷ್ಟೋ ಸಲ ಲೆವೊಫ್ಲಾಕ್ಸಾಸಿನ್‌ನಂಥವು ಬೇಕಾಗುತ್ತವೆ. ಟೆಂಡನ್ ಹರಿಯೋದು ಅಪರೂಪವೂ ಹೌದು. ಆದರೆ ಓಆರ್‌ಎಸ್ ಕುಡಿದು ಸುಧಾರಿಸುವ ಭೇದಿಗೆ, ತಾನಾಗೇ ಇಳಿಯುವ ನೆಗಡಿಗೆ ಯಾಕೆ? ಕೊಡಲೇಬೇಕಾದಾಗ "ಹಿಮ್ಮಡಿ ನೋವು ಬಂದರೆ ಮಾತ್ರೆ ನಿಲ್ಲಿಸಿ, ಕಾಲಿಗೆ ಭಾರ ಹಾಕಬೇಡಿ, ತಕ್ಷಣ ಫೋನ್ ಮಾಡಿ" ಅನ್ನೋಕೆ ಅರ್ಧ ನಿಮಿಷ ಸಾಕಲ್ವಾ? ಮಾವನಿಗೆ ಆ ಮಾತು ಯಾರೂ ಹೇಳಿರಲಿಲ್ಲ. ನನ್ನ ಸಿಟ್ಟೆಲ್ಲ ಅದರ ಮೇಲೆಯೇ.

ಲೆವೊಫ್ಲಾಕ್ಸಾಸಿನ್, ಅದೇ ಮನೆತನದ ಮಾಕ್ಸಿಫ್ಲಾಕ್ಸಾಸಿನ್ ನಮ್ಮಲ್ಲಿ ಶೆಡ್ಯೂಲ್ ಎಚ್1 ಪಟ್ಟಿಯಲ್ಲಿವೆ. ಚೀಟಿ ಇಲ್ಲದೆ ಮಾರುವಂತಿಲ್ಲ. ಡಾಕ್ಟರ ಹೆಸರು, ರೋಗಿಯ ಹೆಸರು ಅಂಗಡಿಯವರು ಪುಸ್ತಕದಲ್ಲಿ ಬರೆದಿಡಬೇಕು. ಕೌಂಟರಿನಲ್ಲಿ ನಿಮ್ಮ ಹೆಸರು ಯಾರಾದರೂ ಕೇಳಿದ್ದು ನೆನಪಿದೆಯಾ? ಕಾಮೆಂಟಿನಲ್ಲಿ ಹೇಳಿ.