ಕಾಕಾನ ಪರಸಿ, ನಮ್ಮ ಕ್ಲಚ್ಚು

ಪಿಕಪ್ ಗಾಡಿಯ ಆರ್‌ಸಿಯಲ್ಲಿ ಎರಡು ತೂಕ ಬರೆದಿರುತ್ತಾರೆ. ಖಾಲಿ ಗಾಡಿಯ ತೂಕ ಒಂದು, ಲೋಡ್ ಸಮೇತ ಇರಬಹುದಾದ ತೂಕ ಇನ್ನೊಂದು. ಎರಡನೆಯದರಲ್ಲಿ ಮೊದಲನೆಯದನ್ನು ಕಳೆದರೆ ಗಾಡಿ ಎಷ್ಟು ಹೊರಬಹುದು ಅಂತ ಗೊತ್ತಾಗುತ್ತದೆ. ಮೂರನೇ ಕ್ಲಾಸಿನ ಲೆಕ್ಕ. ಆದರೆ ಕಲಬುರಗಿಯಲ್ಲಿ ಲೋಡ್ ಹಾಕುವ ಮುಂಚೆ ಈ ಲೆಕ್ಕ ಮಾಡಿದವರನ್ನು ನಾನು ನೋಡಿಲ್ಲ. ನಮ್ಮ ಕಡೆ ಅಳತೆಯೆಲ್ಲ ಕಣ್ಣಿನದು. ಹಿಂದೆ ಒಂದಿಷ್ಟು ಜಾಗ ಕಂಡರೆ ಸಾಕು, "ಇನ್ನೂ ಹಿಡೀತದ, ಹಾಕ್ರಿ" ಅಂತ ಯಾರಾದರೂ ಅಂದೇ ಅನ್ನುತ್ತಾರೆ. ಹಾಗೆ ಅನ್ನುವವರು ಗಾಡಿಯ ಮಾಲೀಕರಾಗಿರುವುದಿಲ್ಲ.

ನಮ್ಮ ಮನೆತನದಲ್ಲಿ ಆ ಮಾತು ಅನ್ನುವವರು ಕಾಕಾ.

ಗಾಡಿ ನನ್ನ ತಮ್ಮನದು. ಆರ್‌ಸಿ ಪ್ರಕಾರ 1,300 ಕೆಜಿ ಹೊರಬಹುದು. ಅದೂ ಡ್ರೈವರ್ ಸೇರಿ. ಖಾಲಿ ಗಾಡಿಯ ತೂಕದಲ್ಲಿ ಡ್ರೈವರನ್ನು ಹಿಡಿಯುವುದಿಲ್ಲ, ಹಾಗಾಗಿ ಮುಂದೆ ಕೂತವರೂ ಲೋಡೇ. ಇದನ್ನು ತಮ್ಮ ಬಾಯಿಬಿಟ್ಟು ಹೇಳಿದಾಗ ಕಾಕಾ ಸಿಟ್ಟಾದರು. "ಹಂಗಾರ ನಾ ಲೋಡೇನೋ?" ಅಂದರು. ಆ ಪ್ರಶ್ನೆಗೆ ಉತ್ತರ ಕೊಡುವಷ್ಟು ಧೈರ್ಯ ನಮ್ಮಲ್ಲಿ ಯಾರಿಗೂ ಇಲ್ಲ.

ಕಾಕಾ ಆಳಂದ ರಸ್ತೆ ಕಡೆ ಹೊಸ ಮನೆ ಕಟ್ಟಿಸಿದ್ದರು. ಅಂಗಳಕ್ಕೆ ಶಹಾಬಾದ್ ಪರಸಿ, ಅಂದರೆ ಕಲ್ಲಿನ ಚಪ್ಪಡಿ, ಹಾಸಬೇಕಿತ್ತು. ಟೈಲ್ಸ್ ಹಾಕೋಣ ಅಂತ ಮಗ ಹೇಳಿದ್ದಕ್ಕೆ, "ಶಹಾಬಾದ್ ಮಗ್ಗಲಾಗ ಇಟ್ಕೊಂಡು ಗುಜರಾತದ ಟೈಲ್ಸ್ ಯಾಕಪ್ಪಾ?" ಅಂದರಂತೆ. ಈ ಮಾತಿಗೆ ನನ್ನ ಪೂರ್ತಿ ಒಪ್ಪಿಗೆ ಇದೆ. ತಕರಾರು ಇರುವುದು ಮುಂದಿನದಕ್ಕೆ.

ಅಂಗಳ 400 ಚದರ ಅಡಿ. ಎರಡಡಿಗೆ ಎರಡಡಿ ಪರಸಿ ಅಂದರೆ 100 ಬೇಕು. ಒಂದಿಂಚು ದಪ್ಪದ ಅಂಥ ಒಂದು ಪರಸಿ ಸುಮಾರು 25 ಕೆಜಿ ತೂಗುತ್ತದೆ. ಸುಣ್ಣದಕಲ್ಲು ಅಲ್ವಾ, ನೀರಿಗಿಂತ ಎರಡೂವರೆ ಪಟ್ಟಿಗೂ ಜಾಸ್ತಿ ಭಾರ. ನೂರಕ್ಕೆ ಎರಡೂವರೆ ಟನ್ ಆಯಿತು. ಐವತ್ತು ಹಾಕಿದರೆ 1,250 ಕೆಜಿ. ತಮ್ಮ ಸಣ್ಣಗಿದ್ದಾನೆ, ಅವನೊಬ್ಬ ಕೂತರೆ ಲೆಕ್ಕ ಮುಗಿಯಿತು. ಅಂದರೆ ಎರಡು ಟ್ರಿಪ್ ಆಗಬೇಕು, ಕಾಕಾ ಬಸ್ಸಿಗೆ ಬರಬೇಕು.

"ಎರಡು ಟ್ರಿಪ್ ಯಾಕ? ಸುಮ್ನೆ ಡೀಸೆಲ್ ದಂಡ" ಅಂದರು ಕಾಕಾ.

ಪರಸಿ ನೋಡುವವರಿಗೆ ಮೋಸ ಮಾಡುತ್ತದೆ. ಒಡೆಯಬಾರದು ಅಂತ ಅದನ್ನು ಅಂಚಿನ ಮೇಲೆ ನಿಲ್ಲಿಸಿ ಜೋಡಿಸುತ್ತಾರೆ. ಎರಡು ಸಾಲು ಮಾಡಿದರೆ ನೂರು ಪರಸಿಗೆ ನಾಲ್ಕೂಕಾಲು ಅಡಿ ಉದ್ದ ಸಾಕು. ಗಾಡಿಯ ಅರ್ಧ ಜಾಗ ಹಾಗೇ ಖಾಲಿ ಕಾಣುತ್ತದೆ. ಐವತ್ತಕ್ಕೆ ತಮ್ಮ ಕೈ ಅಡ್ಡ ಹಿಡಿದ. ಕಾಕಾ ಖಾಲಿ ಜಾಗ ತೋರಿಸಿದರು. ಹಮಾಲರೂ ಅವರ ಕಡೆಯೇ ಮಾತಾಡಿದರು. ಕೊನೆಗೆ ನೂರೂ ಹತ್ತಿದವು. ಅದರ ಮೇಲೆ ಇಳಿಸಲಿಕ್ಕೆ ಬೇಕಲ್ಲ ಅಂತ ಇಬ್ಬರು ಹಮಾಲರೂ ಹತ್ತಿದರು. ಹಿಂದಿನ ಪಾಟಾ, ಅಂದರೆ ಬಾಗಿದ ಸ್ಪ್ರಿಂಗ್ ಪಟ್ಟಿ, ನೆಟ್ಟಗಾಗಿ, ಗಾಡಿಯ ಮೂತಿ ಮೇಲಕ್ಕೆದ್ದಿತು. ಸ್ಟೇರಿಂಗ್ ಬಹಳ ಹಗುರ ತಿರುಗುತ್ತದೆ ಅಂತ ಕಾಕಾಗೆ ಖುಷಿ. ಮುಂದಿನ ಗಾಲಿಗಳ ಮೇಲೆ ಭಾರ ಕಡಿಮೆಯಾದರೆ ಹಾಗಾಗುತ್ತದೆ. ಬ್ರೇಕ್ ಹಾಕಿದಾಗ ಅದರ ಇನ್ನೊಂದು ಮುಖ ಗೊತ್ತಾಗುತ್ತದೆ.

ಇದರ ಪೂರ್ತಿ ಉಲ್ಟಾ ತೊಗರಿ ಹೊಟ್ಟು. ರಾಶಿ ಮುಗಿದ ಮೇಲೆ ಇದೇ ಗಾಡಿಯಲ್ಲಿ ತಮ್ಮ ದನಗಳಿಗೆ ಹೊಟ್ಟು ಹೊಡೆದಿದ್ದ. ಬೆಟ್ಟದಷ್ಟು ಎತ್ತರ ತುಂಬಿದರೂ ತೂಕ ಏನೂ ಇಲ್ಲ. ದಾರಿಯಲ್ಲಿ ಕಂಡವರೆಲ್ಲ "ಏ, ಓವರ್‌ಲೋಡ್ ಆಗ್ಯಾದ" ಅಂತ ಬುದ್ಧಿ ಹೇಳಿದ್ದರು. ಪರಸಿ ಗಾಡಿಗೆ ಯಾರೂ ಏನೂ ಅನ್ನಲಿಲ್ಲ. 2019ರಲ್ಲಿ ತಿದ್ದುಪಡಿಯಾದ ಕಾನೂನಿನಲ್ಲಿ ಓವರ್‌ಲೋಡಿಗೆ 20,000 ರೂಪಾಯಿ ದಂಡ, ಮೇಲೆ ಪ್ರತಿ ಹೆಚ್ಚುವರಿ ಟನ್ನಿಗೆ 2,000. ಹೆಚ್ಚಿನ ಮಾಲು ಇಳಿಸದೆ ಗಾಡಿ ಬಿಡುವಂತಿಲ್ಲ. ಎರಡೂ ಟ್ರಿಪ್ಪಿನ ಡೀಸೆಲ್ ಸೇರಿಸಿದರೂ ಅದರ ಹತ್ತಿರ ಬರುವುದಿಲ್ಲ.

ಮೇ ತಿಂಗಳು. ಕಲಬುರಗಿಯಲ್ಲಿ 42 ಡಿಗ್ರಿ ಮೇ ತಿಂಗಳಲ್ಲಿ ಸುದ್ದಿಯೇ ಅಲ್ಲ. ಶಹಾಬಾದ್ ಬಿಟ್ಟು ಸ್ವಲ್ಪ ದೂರ ಬಂದಿರಬೇಕು, ಏರು ಬಂತು. ಎಂಜಿನ್ ಕೂಗುತ್ತಿದೆ, ಗಾಡಿ ಮಾತ್ರ ಓಡುತ್ತಿಲ್ಲ. ಸೈಲೆನ್ಸರಿನಿಂದ ಕರಿ ಹೊಗೆ. ಏನೋ ಸುಟ್ಟ ವಾಸನೆ. ಟೆಂಪರೇಚರ್ ಮುಳ್ಳು ಮೇಲೆ ಮೇಲೆ ಹೋಗುತ್ತಿತ್ತು. ತಮ್ಮ ನನ್ನ ಕೈಗೆ ಫೋನ್ ಕೊಟ್ಟು, ಮೆಕ್ಯಾನಿಕ್ ಉಸ್ತಾದ್‌ಗೆ ಹಚ್ಚು ಅಂದ.

"ಹೀಟರ್ ಚಾಲೂ ಮಾಡ್ರಿ" ಅಂದರು ಉಸ್ತಾದ್.

ಲೈನ್ ಸರಿಯಿಲ್ಲ ಅಂದುಕೊಂಡು ಮತ್ತೆ ಕೇಳಿದೆ. "ಎಸಿ ಬಂದ್. ಹೀಟರ್ ಫುಲ್. ಫ್ಯಾನ್ ಫುಲ್. ಜಾಗ ನೋಡಿ ಬಾಜೂ ನಿಲ್ಲಿಸ್ರಿ" ಅಂದರು. ನಮ್ಮ ಗಾಡಿಗೆ ಹೀಟರ್ ಇದೆ ಅನ್ನುವುದೇ ಕಾಕಾಗೆ ಅವತ್ತು ಗೊತ್ತಾಗಿದ್ದು. ಕಲಬುರಗಿಯಲ್ಲಿ ಅದನ್ನು ಯಾರು ಹಚ್ಚುತ್ತಾರೆ? ಉಪಾಯವೇನೋ ಸರಿಯಾದದ್ದೇ. ಎಂಜಿನ್ನಿನ ಬಿಸಿ ನೀರೇ ಹೀಟರ್ ಒಳಗೂ ತಿರುಗುತ್ತದೆ. ಅದನ್ನು ಹಚ್ಚಿದರೆ ಎಂಜಿನ್ನಿನ ಶಾಖ ಒಂದಿಷ್ಟು ಕ್ಯಾಬಿನ್ ಒಳಗೆ ಬಂದು ಬೀಳುತ್ತದೆ. ಅಂದರೆ ನಮ್ಮ ಮೇಲೆ. ನಡುವೆ ಕೂತ ಕಾಕಾ, ಟವಲ್ ತಲೆ ಮೇಲೆ ಹಾಕಿಕೊಂಡು, ಶರಣಬಸವೇಶ್ವರರನ್ನು ನೆನೆದರು. ಆಮೇಲೆ ಉಸ್ತಾದ್‌ರನ್ನೂ ನೆನೆದರು, ಬೇರೆ ಶಬ್ದಗಳಲ್ಲಿ.

ಚಹಾ ಹೋಟೆಲ್ ಕಂಡಿತು, ನಿಲ್ಲಿಸಿದೆವು. ಬಾನೆಟ್ ಎತ್ತಿದ್ದೇ ತಡ, ಜನ ಸೇರಿದರು. ಡೀಸೆಲ್‌ನಲ್ಲಿ ನೀರು ಬಂದಿದೆ ಅಂತ ಟ್ರ್ಯಾಕ್ಟರ್ ಡ್ರೈವರ್. ಏರ್ ಹಿಡಿದಿದೆ, ಫಿಲ್ಟರ್ ಮೇಲಿನ ಪಂಪ್ ಒತ್ತಿ ಅಂತ ಇನ್ನೊಬ್ಬರು. ಚಾಲೂ ಇರುವ ಎಂಜಿನ್ನಿಗೆ ಏರ್ ಹೇಗೆ ಹಿಡಿಯಿತು ಅಂತ ಯಾರೂ ಕೇಳಲಿಲ್ಲ. ಎಂಜಿನಿಯರಿಂಗ್ ಓದುವ ಹುಡುಗನೊಬ್ಬ ಸೆನ್ಸರ್ ಹೋಗಿದೆ ಅಂದ. ಹೊಗೆಯ ಹೊಸ ನಿಯಮ ಬಿಎಸ್ 6 ಬಂದಾಗಿನಿಂದ ಏನಾದರೂ ಸೆನ್ಸರ್ ಅನ್ನುವುದು ರೂಢಿಯಾಗಿದೆ. ಒಬ್ಬ ಹಿರಿಯರು ಚೊಂಬಿನಲ್ಲಿ ನೀರು ತಂದು ರೇಡಿಯೇಟರ್ ಮುಚ್ಚಳಕ್ಕೇ ಕೈ ಹಾಕಿದರು. ತಮ್ಮ ಹಾರಿ ಅವರ ಕೈ ಹಿಡಿದ. ಒಳಗೆ ನೀರು ಒತ್ತಡದಲ್ಲಿರುತ್ತದೆ. ಬಿಸಿ ಇದ್ದಾಗ ಮುಚ್ಚಳ ತಿರುಗಿಸಿದರೆ ಕುದಿಯುವ ನೀರು ಮುಖಕ್ಕೇ ಚಿಮ್ಮುತ್ತದೆ. ತಮಾಷೆಯ ಬರಹದಲ್ಲೂ ಇದೊಂದು ಮಾತು ತಮಾಷೆಯಲ್ಲ. ಅರ್ಧ ಗಂಟೆಯಾದರೂ ಆರಲು ಬಿಡಬೇಕು.

ಇಷ್ಟು ಜನರ ತಲೆ ಬಾನೆಟ್ ಕೆಳಗಿತ್ತು. ಒಬ್ಬರೂ ಗಾಡಿಯ ಹಿಂದೆ ಹೋಗಿ ನೋಡಲಿಲ್ಲ.

ಉಸ್ತಾದ್ ಬೈಕಿನಲ್ಲಿ ಬಂದರು. ಎಂಜಿನ್ ಕಡೆ ತಿರುಗಿಯೂ ನೋಡಲಿಲ್ಲ. ಸೀದಾ ಹಿಂದೆ ಹೋಗಿ ಟೈರ್ ನೋಡಿದರು, ಪಾಟಾ ನೋಡಿದರು, ಆಮೇಲೆ ಹಮಾಲರನ್ನು ನೋಡಿದರು.

"ಎಷ್ಟು ಪರಸಿ ಹಾಕೀರಿ ಕಾಕಾ?"

"ಐವತ್ತು ಇರಬೇಕು ನೋಡ್ರಿ" ಅಂದರು ಕಾಕಾ.

"ಒಂದು ಸಾಲಿಗೆ?"

ಕಾಕಾ ಚಹಾ ಹೇಳಲು ಹೋದರು.

ನ್ಯಾಯವಾಗಿ ಹೇಳಬೇಕೆಂದರೆ ತಪ್ಪು ಪೂರ್ತಿ ಪರಸಿಯದಲ್ಲ. ರೇಡಿಯೇಟರ್ ಮುಂದಿನ ಜಾಲಿಯ ಸಂದಿಯಲ್ಲಿ ತೊಗರಿ ಹೊಟ್ಟು ಮೆತ್ತಿಕೊಂಡು ಗಾಳಿಯೇ ಹೋಗುತ್ತಿರಲಿಲ್ಲ. ಏರ್ ಫಿಲ್ಟರ್ ತೆಗೆದು ನೆಲಕ್ಕೆ ಬಡಿದರೆ ಅರ್ಧ ಹೊಲ ಉದುರಿತು. ಗಾಳಿ ಕಡಿಮೆ, ಡೀಸೆಲ್ ಜಾಸ್ತಿ ಆದರೆ ಕರಿ ಹೊಗೆ. ನೀಲಿ ಹೊಗೆ ಬಂದರೆ ಆಯಿಲ್ ಸುಡುತ್ತಿದೆ ಅಂತ. ಬಿಸಿಯಾದ ಎಂಜಿನ್ ಬಿಳಿ ಹೊಗೆ ಬಿಡುತ್ತಲೇ ಇದ್ದರೆ ಒಳಗೆ ನೀರು ಸೇರುತ್ತಿರಬಹುದು, ಆಗ ಖರ್ಚು ಬೇರೆಯೇ. "ಕರಿದು ಬಂತಲ್ಲ, ಪುಣ್ಯಾ ಅನ್ರಿ" ಅಂದರು ಉಸ್ತಾದ್. ಹೊಟ್ಟಿನ ಸಾಲವನ್ನು ಗಾಡಿ ಇಷ್ಟು ದಿನ ಸುಮ್ಮನೆ ತಡೆದುಕೊಂಡಿತ್ತು. ಎರಡೂವರೆ ಟನ್ ಬಿದ್ದಾಗ ಕೈ ಎತ್ತಿತು. ಸುಟ್ಟ ವಾಸನೆ ಕ್ಲಚ್ ಪ್ಲೇಟಿನದು. ಎಂಜಿನ್ ಕೂಗಿ ಗಾಡಿ ಓಡದಿದ್ದರೆ ಮೊದಲು ಅದನ್ನೇ ನೋಡಬೇಕು.

ಅರ್ಧ ಪರಸಿ ಅಲ್ಲೇ ಬೇವಿನ ಮರದ ಕೆಳಗೆ ಇಳಿಸಿದೆವು. ಕಾಯಲು ಕಾಕಾ ಕೂತರು, ಬೇರೆ ದಾರಿ ಇರಲಿಲ್ಲ. ನಿಧಾನಕ್ಕೆ ಊರು ಮುಟ್ಟಿ, ಇಳಿಸಿ, ಮತ್ತೆ ಬಂದು ಉಳಿದದ್ದನ್ನೂ ಒಯ್ದೆವು. ಅಂತೂ ಎರಡು ಟ್ರಿಪ್ ಆದವು.

ಬಿಲ್ ಬಂತು. ರೇಡಿಯೇಟರ್ ತೊಳೆದದ್ದು, ಫಿಲ್ಟರ್, ಕ್ಲಚ್ ಪ್ಲೇಟ್. ತಮ್ಮ ಅದನ್ನು ಕಾಕಾನ ಮುಂದೆ ಇಟ್ಟ. ಕಾಕಾ ಕನ್ನಡಕ ಹಾಕಿಕೊಂಡು ಎರಡು ಸಲ ಓದಿ, "ಪರಸಿ ನಂದು, ಖರೆ. ಕ್ಲಚ್ಚು ನಿಂದಲ್ಲೇನೋ?" ಅಂದರು. ಹೊಟ್ಟು ತಮ್ಮ ಹೊಡೆದದ್ದು, ಹಾಗಾಗಿ ರೇಡಿಯೇಟರೂ ಅವನದೇ. ಫಿಲ್ಟರ್ ಬೇಕಾದರೆ ಅರ್ಧ ಕೊಡುತ್ತೇನೆ ಅಂದರು. ಕಾಕಾನ ಹೆಂಡತಿ ಕಾಕು ಮಾತ್ರ ನಮ್ಮ ಪರವಾಗಿ ವಾದ ಮಾಡಿದರು. ಮರದ ಕೆಳಗಿಂದ ಕಾಕಾ ಫೋನ್ ಮಾಡಿ ಮಾಡಿ ಅವರನ್ನು ಬೈದಿದ್ದರಂತೆ.

ಈ ವಾರ ಕಾಕಾ ಮತ್ತೆ ಫೋನ್ ಮಾಡಿದ್ದರು. ಮನೆಯಲ್ಲಿ ಇಟ್ಟ ತೊಗರಿಯನ್ನು ನೆಹರು ಗಂಜ್ ಮಾರುಕಟ್ಟೆಗೆ ಒಯ್ಯಬೇಕಂತೆ. 50 ಕೆಜಿಯ ಚೀಲ. ತಮ್ಮ ಲೆಕ್ಕ ಹಾಕಿ 25ಕ್ಕಿಂತ ಒಂದೂ ಜಾಸ್ತಿ ಹಾಕುವುದಿಲ್ಲ ಅಂದ. ಒಟ್ಟು ಎಷ್ಟು ಚೀಲ ಇವೆ ಕಾಕಾ ಅಂತ ಕೇಳಿದ.

"ನೀ ಗಾಡಿ ತಗೊಂಡು ಬಾ ಮೊದಲ. ಹಾಕಿ ನೋಡೋಣಂತ."